ಬಾಕ್ಸ್ ಮೇಲಿನ ವ್ಯಾಟ್ ನಂಬಿ ಜನರೇಟರ್ ಕೊಳ್ಳಬೇಡಿ

ಕಾರು ಇರುವಲ್ಲಿಗೇ ಹೋಗಿ ಡೀಟೇಲಿಂಗ್ (ಕಾರನ್ನು ಒಳಗೂ ಹೊರಗೂ ತೊಳೆದು ಪಾಲಿಶ್ ಮಾಡುವ ಕೆಲಸ) ಮಾಡುವವರಿಗೆ 2000 ವ್ಯಾಟ್ ಜನರೇಟರ್ ಸಾಕು ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಯಾವ 2000 ಎಂದು ಹೇಳಬೇಕಿತ್ತು, ಅಲ್ವಾ? ಬಾಕ್ಸ್ ಮೇಲೆ ದೊಡ್ಡದಾಗಿ ಇರುವುದು ಸ್ವಲ್ಪ ಹೊತ್ತು ಮಾತ್ರ ಸಿಗುವ ಗರಿಷ್ಠ ಲೆಕ್ಕ. ಸತತವಾಗಿ ಸಿಗುವುದು ಅದಕ್ಕಿಂತ ಕಡಿಮೆ. ಇಂಡಕ್ಷನ್ ಮೋಟಾರಿನ ಪ್ರೆಶರ್ ವಾಷರ್ (ಜೋರಾಗಿ ನೀರು ಚಿಮ್ಮಿಸುವ ಯಂತ್ರ) ಶುರುವಾಗುವಾಗ ಹಲವು ಪಟ್ಟು ಜಾಸ್ತಿ ಕರೆಂಟ್ ಎಳೆಯುತ್ತದೆ, ಅದೂ ಒಂದು ಸಲ ಅಲ್ಲ, ತುಂಬಾ ವಾಷರ್‌ಗಳಲ್ಲಿ ಟ್ರಿಗರ್ ಬಿಟ್ಟರೆ ಮೋಟಾರ್ ನಿಂತು, ಒತ್ತಿದರೆ ಮತ್ತೆ ಶುರುವಾಗುವುದರಿಂದ ಪ್ರತಿ ಸಲವೂ ಅದೇ ಹೊಡೆತ. ನನ್ನ ಮೊದಲ ಜನರೇಟರ್ ಹೀಗೇ ಪದೇ ಪದೇ ಟ್ರಿಪ್ ಆಗಿ, ಸೋಪು ಹಚ್ಚಿದ ಕಾರು ಬಿಸಿಲಲ್ಲಿ ಹಾಗೇ ಒಣಗಿತು. ತುಂಬಾ ಬೇಜಾರಾಗಿತ್ತು.

ವಾಷರ್, ವ್ಯಾಕ್ಯೂಮ್ ಎರಡೂ ಒಟ್ಟಿಗೆ ಓಡಬೇಕಾದರೆ ಸತತ 3000 ವ್ಯಾಟ್ ಆದರೂ ನೋಡಿ. ಇನ್ವರ್ಟರ್ ಮಾದರಿಯ ಜನರೇಟರೇ ಒಳ್ಳೆಯದು. ಸದ್ದು ಕಡಿಮೆ, ಲೋಡ್ ಇಳಿದಾಗ ಇಂಜಿನ್ ವೇಗವೂ ಇಳಿದು ಪೆಟ್ರೋಲ್ ಉಳಿಯುತ್ತದೆ, ವೇಗ ಬದಲಿಸುವ ಪಾಲಿಶರ್‌ಗಳಿಗೂ ಅದರ ಕರೆಂಟ್ ಹಿತ.

ಇನ್ನೊಂದು, ದಯವಿಟ್ಟು ಜನರೇಟರನ್ನು ವ್ಯಾನ್ ಒಳಗೆ ಇಟ್ಟು ಓಡಿಸಬೇಡಿ. ಬಾಗಿಲು ತೆರೆದಿದ್ದರೂ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ತುಂಬಿಕೊಳ್ಳುತ್ತದೆ, ಅದಕ್ಕೆ ವಾಸನೆಯೂ ಇಲ್ಲ. ದೂರ ಇಟ್ಟು ದಪ್ಪ ವೈರ್ ಎಳೆಯಿರಿ.