‘ಕೃಪೆ: ಅಂತರ್ಜಾಲ’ ಎಂದರೆ ಯಾರ ಕೃಪೆ?

ಮೂರು ವರ್ಷಗಳ ಹಿಂದೆ ಸೋಮನಾಥಪುರದ ಕೇಶವ ದೇವಾಲಯದ ಬಗ್ಗೆ ನನ್ನ ಜಾಲತಾಣಕ್ಕೆ ಲೇಖನ ಬರೆದಾಗ, ಗೂಗಲ್‌ನಲ್ಲಿ ಸಿಕ್ಕ ಚೆಂದದ ಚಿತ್ರವೊಂದನ್ನು ಸೇರಿಸಿ, ಅಡಿಯಲ್ಲಿ ‘ಕೃಪೆ: ಅಂತರ್ಜಾಲ’ ಎಂದು ಹಾಕಿದ್ದೆ. ವಾರದೊಳಗೆ ಮಿಂಚಂಚೆ ಬಂತು: “ಸರ್, ಆ ಫೋಟೊ ನನ್ನದು. ಗೋಡೆಯ ಮೇಲೆ ಓರೆ ಬಿಸಿಲು ಬೀಳಲೆಂದು ಎರಡು ದಿನ ಕಾದು ತೆಗೆದದ್ದು. ಮೂಲೆಯಲ್ಲಿದ್ದ ನನ್ನ ಹೆಸರು ಎಲ್ಲಿ ಹೋಯಿತು?” ಹೆಸರು ಕತ್ತರಿಸಿದವನು ನಾನಲ್ಲ, ನನ್ನ ಕೈಗೆ ಬರುವ ಹೊತ್ತಿಗೇ ಅದು ಮಾಯವಾಗಿತ್ತು. ಆದರೆ ಈ ಸಮಜಾಯಿಷಿಯನ್ನು ಬರೆಯುತ್ತಿದ್ದಾಗಲೇ ನನಗೆ ನಾಚಿಕೆಯಾಯಿತು. ಚಿತ್ರವನ್ನು ತೆಗೆದು ಕ್ಷಮೆ ಕೇಳಿದೆ.

ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ 13ನೆಯ ಶತಮಾನದಲ್ಲಿ ಆ ಗುಡಿಯನ್ನು ಕಟ್ಟಿಸಿದನೆಂಬುದು ಸಂಗತಿ. ಅದನ್ನು ಯಾರು ಬೇಕಾದರೂ ಬರೆಯಬಹುದು. ಆದರೆ ಅದೇ ಸಂಗತಿಯನ್ನು ಒಬ್ಬರು ಹೇಳಿದ ವಾಕ್ಯಗಳು ಅವರವು, ಗುಡಿಯ ಛಾಯಾಚಿತ್ರ ತೆಗೆದವರದ್ದು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಈ ಹಕ್ಕಿಗೆ ನೋಂದಣಿಯೂ ಬೇಕಿಲ್ಲ, ಮೂಲೆಯಲ್ಲಿ ಮುದ್ರೆಯೂ ಬೇಕಿಲ್ಲ. ಹೆಸರು ಹಾಕುವುದು ಬೇರೆ, ಒಪ್ಪಿಗೆ ಪಡೆಯುವುದು ಬೇರೆ. ನಮ್ಮಲ್ಲಿ ಬಹಳ ಮಂದಿ ಮೊದಲನೆಯದನ್ನು ಮಾಡಿ ಎರಡನೆಯದೂ ಮುಗಿಯಿತೆಂದು ಭಾವಿಸುತ್ತಾರೆ. ‘ಅಂತರ್ಜಾಲ’ ಎಂದು ಬರೆಯುವವರು ಎರಡನ್ನೂ ಮಾಡಿರುವುದಿಲ್ಲ.

ಬರಹದ ವಿಷಯದಲ್ಲಿ ನಮ್ಮ ಸಲಿಗೆ ಇನ್ನೂ ಹೆಚ್ಚು. ಸಾಹಿತ್ಯ ಕೃತಿಯ ಹಕ್ಕು ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಉಳಿಯುತ್ತದೆ. 1946ರಲ್ಲಿ ತೀರಿಕೊಂಡ ಬಿ.ಎಂ.ಶ್ರೀ. ಅವರ ಪದ್ಯಗಳನ್ನು ಇಂದು ಯಾರ ಅಪ್ಪಣೆಯೂ ಇಲ್ಲದೆ ಪ್ರಕಟಿಸಬಹುದು. 1975ರಲ್ಲಿ ತೀರಿಕೊಂಡ ಡಿ.ವಿ.ಜಿ. ಅವರ ಕಗ್ಗಕ್ಕೆ 2035ರ ಕೊನೆಯವರೆಗೂ ಹಕ್ಕಿದೆ. ಬೆಳಗಾದರೆ ಕಗ್ಗವನ್ನು ಹಂಚುವ ಎಷ್ಟು ಮಂದಿಗೆ ಇದು ಗೊತ್ತಿದೆಯೋ! ವಚನಗಳು ಎಲ್ಲರ ಸೊತ್ತು, ನಿಜ. ಆದರೆ ಇತ್ತೀಚಿನ ವಿದ್ವಾಂಸರೊಬ್ಬರು ಅವಕ್ಕೆ ಬರೆದ ವ್ಯಾಖ್ಯಾನ ಎಲ್ಲರ ಸೊತ್ತಲ್ಲ.

ಹಾಗೆಂದು ಕಾಯ್ದೆ ನಮ್ಮ ಬಾಯಿ ಕಟ್ಟುವುದಿಲ್ಲ. ವಿಮರ್ಶೆ ಬರೆಯುವಾಗ ಕೃತಿಯ ಕೆಲವು ಸಾಲುಗಳನ್ನು ಉದ್ಧರಿಸಲು 52ನೆಯ ಸೆಕ್ಷನ್ ಅವಕಾಶ ಕೊಡುತ್ತದೆ. ‘ಇಷ್ಟು ಪದಗಳವರೆಗೆ ಪರವಾಗಿಲ್ಲ’ ಎಂಬ ಲೆಕ್ಕ ಮಾತ್ರ ಅದರಲ್ಲಿಲ್ಲ. ಅದು ಬಾಯಿಂದ ಬಾಯಿಗೆ ಹಬ್ಬಿದ ಮಾತು. ಚಿತ್ರಗಳಿಗಾದರೆ, ಮರುಬಳಕೆಗೆ ಮುಕ್ತವಾಗಿರುವ ಚಿತ್ರಗಳ ಜಾಲತಾಣ ವಿಕಿಮೀಡಿಯ ಕಾಮನ್ಸ್ ಇದೆ. ಅಲ್ಲಿಯೂ ಪ್ರತಿ ಚಿತ್ರದ ಪುಟದಲ್ಲಿ ಪರವಾನಗಿ ಏನೆಂಬುದನ್ನು ಓದಬೇಕು. ಹೆಚ್ಚಿನವು ತೆಗೆದವರ ಹೆಸರನ್ನೂ ಪರವಾನಗಿಯ ಹೆಸರನ್ನೂ ನಮೂದಿಸಬೇಕೆಂದು ಕೇಳುತ್ತವೆ.

ಆ ಮಿಂಚಂಚೆಯ ನಂತರ ನನ್ನ ಹಳೆಯ ಲೇಖನಗಳನ್ನು ತೆರೆದು ನೋಡಿದರೆ, ಹದಿನೇಳು ಚಿತ್ರಗಳಡಿ ಅದೇ ‘ಕೃಪೆ’ ಕುಳಿತಿತ್ತು. ಆರರ ಒಡೆಯರು ಪತ್ತೆಯಾದರು. ಐವರು ಸಂತೋಷದಿಂದಲೇ ಒಪ್ಪಿದರು, ಒಬ್ಬರು ಐನೂರು ರೂಪಾಯಿ ಕೇಳಿದರು, ಕೊಟ್ಟೆ. ಉಳಿದವನ್ನು ತೆಗೆದುಹಾಕಿದ್ದೇನೆ, ಆ ಪುಟಗಳು ಸದ್ಯಕ್ಕೆ ಬೋಳಾಗಿವೆ.