ಸ್ಟಾಂಪ್ ಪೇಪರ್ ಮೇಲೆ ಗೃಹಪ್ರವೇಶ

ಪ್ರಿಂಟ್ ಕ್ಯೂನಲ್ಲಿ, ಅಂದ್ರೆ ಪ್ರಿಂಟಿಗೆ ಕಾಯ್ತಿರೋ ಫೈಲುಗಳ ಸಾಲಲ್ಲಿ, "ಡಿಲೀಟಿಂಗ್" ಅಂತ ತೋರಿಸ್ಕೊಂಡು ರಾತ್ರಿಯೆಲ್ಲಾ ಕೂತಿರೋ ಫೈಲನ್ನ ನೀವೂ ನೋಡಿರ್ತೀರ. ಡಿಲೀಟೂ ಆಗಲ್ಲ, ಪ್ರಿಂಟೂ ಆಗಲ್ಲ, ಹಿಂದೆ ನಿಂತಿರೋರಿಗೆ ದಾರೀನೂ ಬಿಡಲ್ಲ. ನಮ್ಮಲ್ಲಿ ನಿನ್ನೆ ಸಾಯಂಕಾಲ ಕರೆಂಟ್ ಹೋದಾಗ ಕೂತಿದ್ದು, ಇವತ್ತು ಬೆಳಗ್ಗೆ ಬಂದು ನೋಡಿದ್ರೂ ಅಲ್ಲೇ ಕೂತಿತ್ತು. ಆ ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೀತಿದೀನಿ.

ನಾನು ತುಮಕೂರಲ್ಲಿ ಒಬ್ರು ಪತ್ರ ಬರಹಗಾರರ ಹತ್ರ ಟೈಪಿಂಗ್ ಮಾಡೋದು. ಕರಾರು, ಅಫಿಡವಿಟ್ಟು, ವಂಶವೃಕ್ಷ, ಮಧ್ಯೆ ಗೊತ್ತಿರೋರು ಬಂದ್ರೆ ಲಗ್ನಪತ್ರಿಕೆ ಕರಡೂ ಟೈಪ್ ಮಾಡ್ಕೊಡ್ತೀವಿ. ಆ ಕೂತಿದ್ದ ಫೈಲೂ ಅಂಥದ್ದೇ, ಸಾರ್ ಕಡೆಯೋರು ಯಾರದ್ದೋ ಗೃಹಪ್ರವೇಶದ ಕರೆಯೋಲೆ.

ಈ ರೋಗಕ್ಕೆ ಮದ್ದು ಹಳೇದೇ. ನಾವು ಪ್ರಿಂಟ್ ಕೊಟ್ಟ ತಕ್ಷಣ ಅದು ನೇರ ಪ್ರಿಂಟರ್‌ಗೆ ಹೋಗಲ್ಲ, ಮೊದಲು ಸ್ಪೂಲರ್ ಅಂತ ಒಂದು ಸರ್ವೀಸು ಅದನ್ನ ಡಿಸ್ಕಲ್ಲಿ ಫೈಲ್ ಮಾಡಿ ಇಟ್ಕೊಳ್ಳುತ್ತೆ, ಆಮೇಲೆ ಸರದಿ ಪ್ರಕಾರ ಕಳಿಸುತ್ತೆ. ಅದಕ್ಕೇ ಸಿಸ್ಟಮ್ ಆರಿಸಿ ಹಾಕಿದ್ರೂ ಆ ಫೈಲ್ ಹೋಗಲ್ಲ. ಸ್ಪೂಲರ್ ನಿಲ್ಲಿಸ್ಬೇಕು, ವಿಂಡೋಸ್‌ನ ಸಿಸ್ಟಮ್32 ಫೋಲ್ಡರ್ ಒಳಗೆ ಸ್ಪೂಲ್, ಅದರೊಳಗೆ ಪ್ರಿಂಟರ್ಸ್ ಅನ್ನೋ ಫೋಲ್ಡರ್‌ಗೆ ಹೋಗಿ ಇರೋದನ್ನೆಲ್ಲಾ ಅಳಿಸ್ಬೇಕು, ಮತ್ತೆ ಸ್ಪೂಲರ್ ಶುರು ಮಾಡ್ಬೇಕು, ಅಷ್ಟೇ. ಪ್ರಿಂಟ್ ತೆಗೆಯೋಕೆ ಕೂತಿರೋಳು ಇದನ್ನೆಲ್ಲಾ ಯಾಕೆ ಬಾಯಿಪಾಠ ಮಾಡ್ಕೊಂಡಿರ್ಬೇಕು ಅಂತ ಕೇಳ್ಬೇಡಿ.

ಸಾರ್‌ಗೆ ಇದೆಲ್ಲಾ ಬೇಡ. ನೆಟ್ ಬರ್ತಿಲ್ಲ, ಮೌಸ್ ಓಡ್ತಿಲ್ಲ, ಪಹಣಿ ಓಪನ್ ಆಗ್ತಿಲ್ಲ, ಏನೇ ಆಗ್ಲಿ ಅವರ ಮದ್ದು ಒಂದೇ, ರಿಫ್ರೆಶ್. ಕನ್ನಡಕ ಹಣೆಗೆ ಏರಿಸ್ಕೊಂಡು, ಸ್ಕ್ರೀನಲ್ಲಿ ಖಾಲಿ ಜಾಗ ಹುಡುಕಿ (ನಮ್ಮಲ್ಲಿ ಅದೂ ಕಷ್ಟ, ಸಿದ್ಧಗಂಗೆ ಸ್ವಾಮಿಗಳ ಫೋಟೋ ಮೇಲೆ ಎರಡು ಕಡೆನೂ ಕರಾರಿನ ಫೈಲುಗಳೇ), ಬಲಗಡೆ ಬಟನ್ ಒತ್ತಿ, ಬಿಚ್ಕೊಂಡ ಪಟ್ಟೀಲಿ ರಿಫ್ರೆಶ್ ಅನ್ನೋದನ್ನ ಒತ್ತಿ, ಐಕಾನೆಲ್ಲಾ ಒಂದ್ಸಲ ಮಿಣಕ್ ಅಂದ್ರೆ ಅವರಿಗೆ ಸಮಾಧಾನ, ಮಂಗಳಾರತಿ ತೆಗೆದ ಹಾಗೆ ಮತ್ತೆ ಮತ್ತೆ ಮಾಡ್ತಾರೆ, ಎದುರಿಗಿರೋ ಪಾರ್ಟಿಗಳೂ ಸುಮ್ಮನೆ ಕೈ ಕಟ್ಕೊಂಡು ನೋಡ್ತಾರೆ. ಫೋನಲ್ಲಿ ಯಾರಿಗೋ ಖಾತೆ ಬದಲಾವಣೆ ವಿವರಿಸ್ತಾ ಇದ್ರೂ ಬಲಗೈ ತನ್ನ ಪಾಡಿಗೆ ರಿಫ್ರೆಶ್ ಮಾಡ್ತಿರುತ್ತೆ. ಸಾಯಂಕಾಲ ಶಟ್‌ಡೌನ್ ಮಾಡೋ ಮುಂಚೆನೂ ಮಾಡ್ತಾರಲ್ಲ, ಆರಿಸೋದಕ್ಕೆ ಯಾಕೆ ಸಾರ್ ಅಂದ್ರೆ, "ಬೆಳಗ್ಗೆ ಏಳೋವಾಗ ಮೈ ಹಗುರ ಇರ್ತೈತೆ ಕಣಮ್ಮ."

ಒಂದ್ಸಲ ತಡೀಲಾರ್ದೆ ಹೇಳೇಬಿಟ್ಟೆ, ಸಾರ್, ಅದು ಐಕಾನ್‌ಗಳ ಪಟ್ಟಿ ಇನ್ನೊಂದ್ಸಲ ಓದಿ ಬರ್ಕೊಳ್ಳುತ್ತೆ ಅಷ್ಟೇ, ಮೆಮೊರಿನೂ ಖಾಲಿ ಆಗಲ್ಲ, ಸ್ಪೀಡೂ ಬರಲ್ಲ ಅಂತ. ಪೂರ್ತಿ ಕೇಳಿಸ್ಕೊಂಡ್ರು. "ಇರ್ಲಿ ಬಿಡಮ್ಮ, ಒಳಗೆ ಸ್ವಲ್ಪ ಗಾಳಿ ಆಡ್ಲಿ" ಅಂದ್ರು.

ಹಾಗಂತ ಶಟ್‌ಡೌನ್ ನಂಬೋಹಾಗಿದ್ಯಾ, ಅದೂ ಇಲ್ಲ. 2012ರಲ್ಲಿ ವಿಂಡೋಸ್ 8 ಬಂದಾಗಿಂದ ಫಾಸ್ಟ್ ಸ್ಟಾರ್ಟಪ್ ಅಂತ ಒಂದಿದೆ, ಅದು ಆನ್ ಇದ್ರೆ ಶಟ್‌ಡೌನ್ ಒತ್ತಿದಾಗ ಸಿಸ್ಟಮ್ ತನ್ನ ಒಳಗಿನ ಮುಖ್ಯ ಭಾಗನ ಡಿಸ್ಕಲ್ಲಿ ಬರ್ದಿಟ್ಕೊಂಡು ಮಲಗುತ್ತೆ, ಬೆಳಗ್ಗೆ ಅದನ್ನೇ ಎತ್ಕೊಂಡು ಎದ್ದೇಳುತ್ತೆ. ಪೂರ್ತಿ ಹೊಸದಾಗಿ ಶುರು ಆಗೋದು ರೀಸ್ಟಾರ್ಟ್ ಒತ್ತಿದಾಗ, ಇಲ್ಲಾ ಶಿಫ್ಟ್ ಹಿಡ್ಕೊಂಡು ಶಟ್‌ಡೌನ್ ಒತ್ತಿದಾಗ. ದಿನಾ ಸಾಯಂಕಾಲ ಆರಿಸಿ ಹೋಗೋರು ಟಾಸ್ಕ್ ಮ್ಯಾನೇಜರಲ್ಲಿ ಅಪ್‌ಟೈಮ್ ನೋಡಿ, ವಾರಗಟ್ಲೆ ಎದ್ದೇ ಇದೀನಿ ಅಂತ ತೋರಿಸುತ್ತೆ. ಹಿಂದೆ ವಿಂಡೋಸ್ 95ರಲ್ಲಿ ಇದಕ್ಕಿಂತ ಮಜಾ ಇತ್ತು, ಮಿಲಿಸೆಕೆಂಡ್ ಎಣಿಸೋ ಲೆಕ್ಕ ತನಗೆ ಕೊಟ್ಟ 32 ಬಿಟ್‌ನ ಜಾಗದಲ್ಲಿ ತುಂಬಿಹೋಗಿ ಸರಿಯಾಗಿ 49.7 ದಿನಕ್ಕೆ ಸಿಸ್ಟಮ್ ನಿಂತು ಹೋಗ್ತಿತ್ತು. ನಮ್ಮೂರಲ್ಲಾದ್ರೆ ಯಾರಿಗೂ ಗೊತ್ತೇ ಆಗ್ತಿರ್ಲಿಲ್ಲ, ಅಷ್ಟು ದಿನ ಕರೆಂಟ್ ಇದ್ರೆ ತಾನೆ.

ಸರಿ, ಇವತ್ತಿನ ಕಥೆ. ಕ್ಯಾತ್ಸಂದ್ರದೋರು ಒಬ್ರು ಅಂಗಡಿ ಬಾಡಿಗೆ ಕರಾರಿಗೆ ಬಂದಿದ್ರು, ಕೈಯಲ್ಲಿ ಆಗ್ತಾನೆ ತಂದ 500 ರೂಪಾಯಿ ಇ-ಸ್ಟಾಂಪ್ ಪೇಪರ್. ನಾನು ಸ್ಪೂಲರ್ ನಿಲ್ಲಿಸ್ಬೇಕು ಅಂತ ಹೋಗ್ತಿದೀನಿ, ಈ ಕಡೆ ಸಾರ್ ಟೈಮ್ ಉಳೀಲಿ ಅಂತ ಇ-ಸ್ಟಾಂಪನ್ನ ಪ್ರಿಂಟರ್ ಟ್ರೇಗೆ ಹಾಕಿ ರೆಡಿ ಮಾಡಿದ್ರು. ಆಮೇಲೆ ರಿಫ್ರೆಶ್. ಆಮೇಲೆ ಇನ್ನೊಂದಿಷ್ಟು ರಿಫ್ರೆಶ್. ಜಗ್ಗಲಿಲ್ಲ. "ತಡ್ಕೊಳಮ್ಮ" ಅಂದೋರೇ ಬಗ್ಗಿ ಗೋಡೆ ಸ್ವಿಚ್ಚನ್ನೇ ಆರಿಸಿ ಹಾಕಿದ್ರು!

ಹಂಗೆ ಕರೆಂಟೇ ತೆಗೆದ್ರೆ ಫಾಸ್ಟ್ ಸ್ಟಾರ್ಟಪ್ ಆಟ ನಡೆಯಲ್ಲ, ಸಿಸ್ಟಮ್ ಹೊಸದಾಗೇ ಎದ್ದಿತು, ಸ್ಪೂಲರೂ ಹೊಸದಾಗಿ ಎದ್ದು ಫೋಲ್ಡರಲ್ಲಿ ಏನಿದೆ ಅಂತ ನೋಡ್ತು, ನಿನ್ನೆ ಕೆಲಸ ಬಾಕಿ ಇದ್ಯಲ್ಲ ಅಂದ್ಕೊಂಡ್ತೋ ಏನೋ, ನಾನು ಪಾಸ್‌ವರ್ಡ್ ಹೊಡೆಯೋ ಮೊದ್ಲೇ ಪ್ರಿಂಟರ್ ಗರ್ರ್ ಅಂತು. ಸಾರ್ ಮುಖದಲ್ಲಿ ಗೆದ್ದ ಕಳೆ. ಪೇಪರ್ ಈಚೆ ಬಂತು. ಮೇಲ್ಗಡೆ ಸರ್ಕಾರದ ಮುದ್ರೆ, ಸರ್ಟಿಫಿಕೇಟ್ ನಂಬರು, ಮೊದಲನೇ ಪಾರ್ಟಿ, ಎರಡನೇ ಪಾರ್ಟಿ. ಅದರ ಕೆಳಗೆ, ಅರ್ಧ ಅಕ್ಷರ ಮುದ್ರೆ ಮೇಲೇ ಹತ್ಕೊಂಡು, ಗಣಪತಿ ಚಿತ್ರ, "ಸಕುಟುಂಬ ಸಪರಿವಾರ ಸಮೇತರಾಗಿ ಆಗಮಿಸಿ, ಭೋಜನ ಸ್ವೀಕರಿಸಿ, ಆಶೀರ್ವದಿಸಬೇಕಾಗಿ ವಿನಂತಿ."

ಪಾರ್ಟಿ ನಿಧಾನವಾಗಿ ಪೂರ್ತಿ ಓದಿದ್ರು. "ಸಾರ್, ಊಟಕ್ಕೆ ಸ್ಟಾಂಪ್ ಪೇಪರಲ್ಲಿ ಕರೆದ್ರೆ ಬರ್ಲಿಲ್ಲ ಅಂದ್ರೆ ಕೇಸ್ ಆಗ್ತೈತಾ?"

ಹೊಸ ಇ-ಸ್ಟಾಂಪಿಗೆ ಆಫೀಸಿನ ದುಡ್ಡೇ ಕೊಟ್ಟು ಪಾರ್ಟಿನ ಕಳಿಸಿದ್ದಾಯ್ತು. ಅವರು ವಾಪಸ್ ಬರೋವರೆಗೂ ಸಾರ್ ಯಾಕೋ ರಿಫ್ರೆಶ್ ಕೂಡ ಮಾಡ್ಲಿಲ್ಲ. ಮೊದಲು ಅವರ ಹತ್ರ ಟೈಪ್‌ರೈಟರ್ ಇತ್ತಂತೆ. ಅಕ್ಷರ ಹೊಡೆಯೋ ಎರಡು ಕಡ್ಡಿ ಸಿಕ್ಕಾಕ್ಕೊಂಡ್ರೆ ಬೆರಳಲ್ಲಿ ಎತ್ತಿ ಬಿಡಿಸ್ತಿದ್ರಂತೆ, ಬೆರಳು ತುದಿ ಕಪ್ಪಾಗ್ತಿತ್ತಂತೆ. "ಎಲ್ಲಿ ಸಿಕ್ಕಾಕ್ಕೊಂಡೈತೆ ಅಂತ ಕಣ್ಣಿಗೆ ಕಾಣೋದಮ್ಮ" ಅಂದ್ರು. ಬೈಯೋಣ ಅಂತಿದ್ದೋಳು ಸುಮ್ಮನಾದೆ, ಸಿಸ್ಟಮ್ ಮುಂದೆ ಅವರು ಹುಡುಕ್ತಿರೋದೂ ಆ ಕಡ್ಡೀನೇ ಇರ್ಬೇಕು.

ಮಧ್ಯಾಹ್ನ ಖರ್ಚಿನ ಪುಸ್ತಕ ಬರೆಯೋವಾಗ ಆ 500 ರೂಪಾಯಿ ಯಾವುದಕ್ಕೆ ಅಂತ ಹಾಕ್ಲಿ ಸಾರ್ ಅಂದೆ. ಒಂದು ಗಳಿಗೆ ಯೋಚನೆ ಮಾಡಿ, ಕನ್ನಡಕ ಇಳಿಸ್ಕೊಂಡು ಹೇಳಿದ್ರು, "ಗೃಹಪ್ರವೇಶದ ಮುಯ್ಯಿ ಅಂತ ಬರ್ಕೊಳಮ್ಮ."