ಚದುರಂಗದ ಮಣೆ ಮಡಚಿದರೆ

ಚದುರಂಗದ ಮೊದಲ ಮನೆಗೆ ಒಂದು ಅಕ್ಕಿ ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು. ರಾಜ ಬೇಸ್ತುಬಿದ್ದ ಈ ಕಥೆ ಎಲ್ಲರಿಗೂ ಗೊತ್ತು. ಒಟ್ಟು ಎಷ್ಟಾಯಿತಪ್ಪ ಅಂದರೆ ಮಾತ್ರ ಎಲ್ಲರೂ ಕೈ ಅಗಲಿಸಿ ತೋರಿಸುತ್ತಾರೆ. ಲೆಕ್ಕ ಇಲ್ಲಿದೆ: 1,84,46,74,40,73,70,95,51,615. ಬಾಯಲ್ಲಿ ಹೇಳುವುದಾದರೆ 1 ಲಕ್ಷ 84 ಸಾವಿರದ 467 ಕೋಟಿ ಕೋಟಿ, ಮೇಲಷ್ಟು ಚಿಲ್ಲರೆ. ಆ ಚಿಲ್ಲರೆಯೇ 44 ಲಕ್ಷ ಕೋಟಿ ದಾಟುತ್ತದೆ!

ಕೊನೆಯ ಮನೆಯಲ್ಲಿ 2ರ 64ನೇ ಘಾತದಷ್ಟು ಕಾಳು ಎಂದು ಹಲವರು ಎಡವುತ್ತಾರೆ. ಮೊದಲ ಮನೆಯ ಘಾತ ಸೊನ್ನೆ, ಹಾಗಾಗಿ ಕೊನೆಯದು 63. ಒಟ್ಟು ಮೊತ್ತ 2ರ 64ನೇ ಘಾತಕ್ಕೆ ಒಂದೇ ಒಂದು ಕಾಳು ಕಡಿಮೆ. ಮಜಾ ಇರುವುದು ಆ ಕಾಳಿನಲ್ಲಿ. ಅದನ್ನು ಸೇರಿಸಿದರೆ ಸಂಖ್ಯೆಯೊಳಗೆ ಎರಡು ಬಿಟ್ಟರೆ ಇನ್ನೇನೂ ಇಲ್ಲ, ಸಪ್ಪೆ. ತೆಗೆದಿರೋ, ಏಳು ಬೇರೆ ಬೇರೆ ಅವಿಭಾಜ್ಯಗಳು ಹೊರಬರುತ್ತವೆ.

ಅವನ್ನು ಹುಡುಕಲು ಭಾಗಾಕಾರ ಮಾಡುತ್ತ ಕೂರಬೇಕಿಲ್ಲ, ಮಣೆಯನ್ನು ಪಂಚೆಯ ಹಾಗೆ ಮಡಚುತ್ತ ಹೋದರೆ ಸಾಕು. ಮೊದಲ 32 ಮನೆಗಳಲ್ಲಿ ಇರುವುದು 429 ಕೋಟಿ ಚಿಲ್ಲರೆ ಕಾಳು. ಸಾವಿರ ಕಾಳಿಗೆ 20 ಗ್ರಾಂ ಹಿಡಿದರೆ 86 ಟನ್, ಹತ್ತು ಟನ್ನಿನ ಒಂಬತ್ತು ಲಾರಿ. ಇಲ್ಲಿಯವರೆಗೆ ರಾಜನೂ ನಗುತ್ತಲೇ ಇದ್ದಿರಬೇಕು. 33ನೇ ಮನೆ ಮೊದಲನೆಯದರ 4,29,49,67,296 ಪಟ್ಟು, 34ನೆಯದು ಎರಡನೆಯದರ ಅಷ್ಟೇ ಪಟ್ಟು, ಕೊನೆತನಕ ಹೀಗೇ. ಅಂದರೆ ಒಟ್ಟು ರಾಶಿ ಮೊದಲರ್ಧದ 4,29,49,67,297 ಪಟ್ಟು. ಆ ಅರ್ಧವನ್ನೂ ಮಡಚಿದರೆ 65,537 ಸಿಗುತ್ತದೆ, ಇನ್ನೂ ಮಡಚಿದರೆ 257, ಆಮೇಲೆ 17, 5, 3. ಆರು ಮಡಿಕೆ, ಆರು ಅಪವರ್ತನ. (ಕೊನೆಯೆರಡಕ್ಕೆ ಮಡಿಕೆಯೂ ಬೇಡ. ಒಟ್ಟು ಸಂಖ್ಯೆಯ ಕೊನೆಯಂಕಿ 5, ಅಂಕಿಗಳ ಮೊತ್ತ 3ರಿಂದ ಭಾಗವಾಗುವ 87.)

ಇವುಗಳಲ್ಲಿ ಸಣ್ಣ ಐದೂ ಅವಿಭಾಜ್ಯ. ದೊಡ್ಡದೂ ಅವಿಭಾಜ್ಯವೇ ಎಂದು ಗಣಿತಜ್ಞ ಫರ್ಮಾ ನಂಬಿದ್ದ. 1732ರಲ್ಲಿ ಇನ್ನೊಬ್ಬ ಗಣಿತಜ್ಞ ಆಯ್ಲರ್ ಅದನ್ನು 641 ಮತ್ತು 67,00,417 ಎಂದು ಒಡೆದ. ಅದನ್ನು ಭಾಗಿಸಬಲ್ಲ ಅವಿಭಾಜ್ಯವನ್ನು 64ರಿಂದ ಭಾಗಿಸಿದಾಗ ಶೇಷ 1 ಉಳಿಯಲೇಬೇಕು. ಅಂಥವು 193, 257, 449, 577, 641. ಐದನೆಯದಕ್ಕೇ ಬಾಗಿಲು ತೆರೆಯಿತು. ಸುಳಿವು ಗೊತ್ತಿದ್ದರೆ ಫರ್ಮಾನಿಗೆ ಒಂದು ಮಧ್ಯಾಹ್ನದ ಕೆಲಸ.

ಒಟ್ಟು ಕಾಳಿನ ಆ 20 ಅಂಕಿಯ ಸಂಖ್ಯೆಯನ್ನು ಎಕ್ಸೆಲ್‌ನಲ್ಲಿ ಬೆರಳಚ್ಚಿಸಿ ಎಂಟರ್ ಒತ್ತಿ ನೋಡಿ. ಅದು ಎಡದಿಂದ 15 ಅಂಕಿಗಳನ್ನಷ್ಟೇ ಉಳಿಸಿಕೊಂಡು ಮಿಕ್ಕ ಐದನ್ನು ಸೊನ್ನೆ ಮಾಡುತ್ತದೆ. ಬೆಸ ಸಂಖ್ಯೆ ಸಮವಾಗುತ್ತದೆ, 17ರಿಂದ ಮೇಲಿನ ಅಪವರ್ತನಗಳೆಲ್ಲ ಕೈಬಿಡುತ್ತವೆ. ಮುಂದೆ ಒಂಟಿ ಉದ್ಧರಣ ಚಿಹ್ನೆ (') ಹಾಕಿದರೆ ಅಂಕಿಗಳು ಪಠ್ಯವಾಗಿ ಹಾಗೇ ಉಳಿಯುತ್ತವೆ ನಿಜ, ಆದರೆ ಕೂಡಲು ಕಳೆಯಲು ಹೊರಟರೆ ಮತ್ತದೇ ಕಥೆ. ಎಂಟರ್ ಒತ್ತಿದಾಗ ಮಾಯವಾದದ್ದು 51,615 ಕಾಳು. ನಮ್ಮ ಲೆಕ್ಕದಲ್ಲಿ ಒಂದು ಕೆ.ಜಿ.ಗೆ ತುಸು ಜಾಸ್ತಿ ಅಕ್ಕಿ.